ಕೇಳದೆ ಕೊಟ್ಟ ಟಿಕೀಟು

ಮೊನ್ನೆ ನಮ್ಮ ಓಣಿಯ ಮೂಲೆಯಲ್ಲಿ ಆಟೋದವನೊಬ್ಬ ನನ್ನ ಮೇಲೆ ಸಿಟ್ಟಾದ. ತಪ್ಪು ನನ್ನದೇ ಎನ್ನಿ. ನಾನು ಹತ್ತಿ ಕುಳಿತೆ, ಕೈಚೀಲ ತೊಡೆಯ ಮೇಲಿಟ್ಟುಕೊಂಡೆ, ಸುಮ್ಮನೆ ಮುಂದೆ ನೋಡಿದೆ. ಅವನು ಸುಮ್ಮನೆ ಹಿಂದೆ ನೋಡಿದ. ಸ್ವಲ್ಪ ಹೊತ್ತು ಹೀಗೇ ಕಳೆದ ಮೇಲೆ "ಎಲ್ಲಿಗ್ರಿ ಅಮ್ಮಾರ?" ಎಂದ. ನನಗೆ ಮೈಯೆಲ್ಲ ಉರಿಯಿತು. ತಂಗಿಯ ಮಗಳಿಗೆ ಗಂಡು ನೋಡಲು ಹೊರಟವಳು ನಾನು. ಒಳ್ಳೆಯ ಕೆಲಸಕ್ಕೆ ಹೊರಟವಳನ್ನು ಓಣಿ ದಾಟುವ ಮೊದಲೇ ಎಲ್ಲಿಗೆ ಎಂದು ಕೇಳುವುದೇ? "ಮುಂದ ನಡೀಪಾ, ಹೇಳ್ತೀನಿ" ಎಂದೆ. "ಮುಂದ ಅಂದ್ರ ಮೂರು ಹಾದಿ ಅವ ನೋಡ್ರಿ" ಎಂದ ಅವನು. ನಾನು ಇಳಿದು ಮನೆಗೆ ಹೋಗಿ, ಒಂದು ಗುಟುಕು ನೀರು ಕುಡಿದು, ಹೊಸದಾಗಿ ಹೊರಟು ಬರುವಷ್ಟರಲ್ಲಿ ಆಟೋ ಇರಲಿಲ್ಲ.

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೇರೆ ಕಡೆಯವರು ಓದುತ್ತಿದ್ದರೆ ಹೇಳುತ್ತೇನೆ. ಹೊರಟವರನ್ನು "ಎಲ್ಲಿಗೆ" ಎಂದು ಕೇಳಬಾರದು. ಕೇಳಿದರೆ ಹೋದ ಕೆಲಸ ಆಗುವುದಿಲ್ಲ, ಕೂತು ನೀರು ಕುಡಿದು ಹೊಸದಾಗಿ ಹೊರಡಬೇಕು. ಕೇಳದೆ ಇರಲಾಗದಷ್ಟು ಕುತೂಹಲವಿದ್ದರೆ "ದೂರ ಹೊಂಟ್ರೇನು?" ಎನ್ನಬೇಕು. ಅವರು "ಹೂಂ, ಬರ್ತೀನ್ರಿ" ಎನ್ನುತ್ತಾರೆ. ಇಷ್ಟರಲ್ಲಿ ಇಬ್ಬರಿಗೂ ಏನೂ ತಿಳಿದಿರುವುದಿಲ್ಲ, ಆದರೆ ಇಬ್ಬರಿಗೂ ಸಮಾಧಾನವಾಗಿರುತ್ತದೆ. ಈಗ ನೀವೇ ಯೋಚಿಸಿ, ಇಂಥ ಮಂದಿಯ ನಡುವೆ ಎಲ್ಲಿಗೆ ಎಂದು ಕೇಳುವುದೇ ಹೊಟ್ಟೆಪಾಡಾದರೆ ಆ ಮನುಷ್ಯನ ಗತಿ ಏನು? ನನ್ನ ಅಪ್ಪ ಸ್ಟೇಷನ್ ಮಾಸ್ತರ. ಸಣ್ಣ ಸ್ಟೇಷನ್ನಾದ್ದರಿಂದ ಟಿಕೀಟು ಕೊಡುವ ಕೆಲಸವೂ ಅವರದೇ.

ಆ ಸ್ಟೇಷನ್ನು ಚಿತ್ತಾಪುರಕ್ಕೂ ಸೇಡಂಗೂ ನಡುವೆ ಇತ್ತು. ಹೆಸರು ಬೇಡ. ಊರು ಅಲ್ಲಿಂದ ಒಂದು ಹರದಾರಿ ದೂರ. ಸ್ಟೇಷನ್ ಸುತ್ತ ನಾವೇ ಒಂದು ಊರು: ಆರು ರೈಲ್ವೆ ಕ್ವಾರ್ಟರ್ಸು, ಒಂದು ಚಹಾದ ಹೋಟೆಲು, ಎರಡು ಬೇವಿನ ಮರ, ಗಾಡಿಗೆ ತುಂಬಲು ತಂದು ನಿಲ್ಲಿಸಿದ ಫರಸಿ ಕಲ್ಲಿನ ಸಾಲು. ನೆಲಕ್ಕೆ ಫರಸಿ, ಮಾಳಿಗೆಗೆ ಫರಸಿ, ಕಂಪೌಂಡಿಗೂ ನೆಟ್ಟ ಫರಸಿ. ಬೇಸಿಗೆಯಲ್ಲಿ ಬರಿಗಾಲಲ್ಲಿ ಪ್ಲಾಟ್‌ಫಾರ್ಮ್ ದಾಟುವುದು ನಮಗೆಲ್ಲ ಒಂದು ಪಂದ್ಯ. ನಾನು ಯಾವತ್ತೂ ಗೆಲ್ಲಲಿಲ್ಲ, ನಡುವೆಯೇ ಯಾರದಾದರೂ ಗಂಟಿನ ಮೇಲೆ ಹತ್ತಿ ನಿಲ್ಲುತ್ತಿದ್ದೆ. ಹೋಟೆಲಿನಲ್ಲಿ ಬೆಳಿಗ್ಗೆ ಚುರುಮುರಿಯ ಸುಸಲಾ, ಮಿರ್ಚಿ ಭಜಿ. ಗಾಡಿ ಒಂದು ತಾಸು ತಡವೆಂದು ತಿಳಿದರೆ ಎರಡನೆಯ ಸಲ ಎಣ್ಣೆ ಕಾಯಿಸುತ್ತಿದ್ದರು. ಭಜಿಯ ವಾಸನೆ ಎದ್ದಿತೆಂದರೆ ಗಾಡಿ ತಡ ಎಂದು ಪ್ಲಾಟ್‌ಫಾರ್ಮಿನ ಮಂದಿ ತಾವಾಗಿಯೇ ಕಾಲು ಚಾಚಿ ಕೂರುತ್ತಿದ್ದರು.

ಅಪ್ಪ ಬಂದ ಹೊಸತರಲ್ಲಿ ಕಿಟಕಿಯಲ್ಲಿ ಕೂತು ಎಲ್ಲಿಗೆ, ಎಲ್ಲಿಗೆ ಎಂದು ಕೇಳಿ ಕೇಳಿ ಊರವರ ಮುಖ ಕೆಡಿಸಿದ್ದರಂತೆ. ಒಬ್ಬ ಮುದುಕಿಯಂತೂ "ನಮ್ಮಪ್ಪಾ, ಮಾಸ್ತರಾ, ನಿನಗ ಹೆಂಡ್ರು ಮಕ್ಕಳು ಅದಾರಿಲ್ಲೋ?" ಎಂದು ಕೇಳಿಯೇಬಿಟ್ಟಿದ್ದಳು. ಆಮೇಲೆ ಅಪ್ಪ ಒಂದು ದಾರಿ ಕಂಡುಕೊಂಡರು. ಮುಖ ನೋಡಿ, ಕೈಯಲ್ಲಿದ್ದುದನ್ನು ನೋಡಿ, ತಾವೇ ಟಿಕೀಟು ಕೊಡತೊಡಗಿದರು. ಕಂಕುಳಲ್ಲಿ ಖಾಲಿ ಚೀಲ ಮಡಚಿಟ್ಟುಕೊಂಡವನು ಚಿತ್ತಾಪುರದ ಬಾಜಾರಿಗೆ. ಕೋಟು ಹಾಕಿಕೊಂಡು ಕಾಗದದ ಸುರುಳಿ ಹಿಡಿದವನು ಸೇಡಂ ಕಚೇರಿಗೆ. ಕೈಯಲ್ಲಿ ಬರೀ ಊಟದ ಡಬ್ಬಿ ಇದ್ದರೆ ವಾಡಿ, ಅಲ್ಲಿ ಸಿಮೆಂಟಿನ ಕೆಲಸ. ಮೊಮ್ಮಗುವಿಗೆ ಹೊದಿಸಲು ಹೊಸ ಕೌದಿ ಹೊತ್ತ ಹೆಂಗಸು ಬಾಣಂತಿ ಮಗಳನ್ನು ನೋಡಲು ಹೊರಟವಳು, ಆ ಮಗಳನ್ನು ಎಲ್ಲಿಗೆ ಕೊಟ್ಟಿದೆ ಎಂಬುದು ಅಪ್ಪನಿಗೆ ಮದುವೆಯ ದಿನದಿಂದಲೇ ಗೊತ್ತು. ಅಪ್ಪ ಮಾತಾಡುತ್ತಿರಲಿಲ್ಲ, ಕೊಂಡವರೂ ಮಾತಾಡುತ್ತಿರಲಿಲ್ಲ. ತಾರೀಖು ಒತ್ತುವ ಯಂತ್ರ ಮಾತ್ರ ಖಟ್ ಎನ್ನುತ್ತಿತ್ತು.

ಅಪ್ಪ ತಪ್ಪಲೇ ಇಲ್ಲವೆಂದಲ್ಲ. ಒಮ್ಮೆ ಮಳಖೇಡಕ್ಕೆ ಬೀಗರ ಮನೆಗೆ ಹೊರಟಿದ್ದ ಮುದುಕನೊಬ್ಬ ಆವತ್ತು ಕೋಟು ಹಾಕಿಕೊಂಡಿದ್ದ. ಅಪ್ಪ ಸೇಡಂ ಟಿಕೀಟು ಕೊಟ್ಟರು. ಮುದುಕ ಸೇಡಂಗೆ ಹೋಗಿ, ಕಚೇರಿಯ ಕಟ್ಟೆಯ ಮೇಲೆ ಇಡೀ ದಿನ ಕುಳಿತು, ಸಂಜೆಯ ಗಾಡಿಗೆ ತಿರುಗಿ ಬಂದ. ಅಪ್ಪ ಗಾಬರಿಯಾಗಿ "ಮಳಖೇಡ ಅಂತ ಹೇಳಬಾರದೇನ್ರಿ ಕಾಕಾ?" ಎಂದರೆ ಅವನು ಶಾಂತವಾಗಿ ಹೇಳಿದ: "ಮಾಸ್ತರ್ರು ಕಳಸ್ಯಾರಂದ್ರ ಅಲ್ಲಿ ಏನರ ಕೆಲಸ ಇರಬೇಕಂತ ಹೋದೆರಿ." ಅಪ್ಪ ಇದನ್ನು ಎಷ್ಟು ಸಲ ಹೇಳಿ ನಗುತ್ತಿದ್ದರೋ ಲೆಕ್ಕವಿಲ್ಲ. ನಾವೂ ನಗುತ್ತಿದ್ದೆವು.

ಒಮ್ಮೆ ಅಪ್ಪನಿಗೆ ಜ್ವರ ಬಂದಾಗ ಹತ್ತು ದಿನದ ಮಟ್ಟಿಗೆ ಆಂಧ್ರದ ಕಡೆಯ ಬದಲಿ ಮಾಸ್ತರೊಬ್ಬರು ಬಂದಿದ್ದರು. ನಿಯಮದ ಮನುಷ್ಯ. ಮೊದಲ ದಿನವೇ ಕಿಟಕಿಯಲ್ಲಿ ಪ್ರತಿಯೊಬ್ಬರನ್ನೂ ಎಲ್ಲಿಗೆ ಎಂದು ಗಟ್ಟಿಯಾಗಿ ಕೇಳಿದರು. ಕೇಳಿಸಿಕೊಂಡವರು ಒಬ್ಬೊಬ್ಬರಾಗಿ ಹಿಂದೆ ಸರಿದು, ಬೇವಿನ ಬುಡದ ಗಡಿಗೆಯಿಂದ ನೀರು ಕುಡಿದು, ಐದು ನಿಮಿಷ ಕುಳಿತು, ಮತ್ತೆ ಸಾಲಿಗೆ ಬಂದರು. ಅವರು ಮತ್ತೆ ಕೇಳಿದರು. ಇವರು ಮತ್ತೆ ನೀರು ಕುಡಿಯಲು ಹೋದರು. ಗಾಡಿ ಬಂದು ಹೋಯಿತು, ಹತ್ತಿದವರು ನಾಲ್ಕೇ ಮಂದಿ. ಗಡಿಗೆ ಮಾತ್ರ ಖಾಲಿಯಾಗಿತ್ತು.

ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಮನೆಯಲ್ಲಿದ್ದ ವರ್ಷದ ಮಾತು ಇನ್ನು ಮುಂದಿನದು. ರಾಜ್ಯದ ಹೆಸರು ಮೈಸೂರು ಹೋಗಿ ಕರ್ನಾಟಕವಾಗಿ ಹೆಚ್ಚು ದಿನವಾಗಿರಲಿಲ್ಲ. ಬೆಳಗಿನ ಗಾಡಿಯ ಹೊತ್ತಿಗೆ ಅಪ್ಪ ಸಿಗ್ನಲ್ ನೋಡಬೇಕು, ಡ್ರೈವರನಿಗೆ ಮುಂದಿನ ದಾರಿಯ ಟೋಕನ್ ಕೊಡಬೇಕು, ಫೋನು ಹಿಡಿಯಬೇಕು. ಟಿಕೀಟಿನ ಕಿಟಕಿಗೆ ನಾನು ಕೂರತೊಡಗಿದೆ. ಅದು ಕಾಯಿದೆಗೆ ವಿರುದ್ಧ, ಮೇಲಿನವರಿಗೆ ತಿಳಿದರೆ ಅಪ್ಪನ ನೌಕರಿಗೇ ಕುತ್ತು. ಆದರೆ ಊರವರಿಗೆ ಅದರಲ್ಲಿ ಏನೂ ವಿಶೇಷ ಕಾಣಲಿಲ್ಲ, ಮಾಸ್ತರರ ಮಗಳು ಮಾಸ್ತರರಂತೆಯೇ ಕೇಳದೆ ಕೊಡುತ್ತಾಳೆ ಎಂದು ಹೊಗಳಿದರು. ಆ ಹೊಗಳಿಕೆ ನನ್ನ ತಲೆಗೇರಿತು. ಯಾರ ಗಂಟು ನೋಡಿದರೂ ಅವರ ಊರು ಹೇಳುತ್ತೇನೆ ಎಂಬ ಸೊಕ್ಕು ನನಗೆ ಆಗ ಇತ್ತು. ನೆನೆದರೆ ನಾಚಿಕೆಯಾಗುತ್ತದೆ.

ನಮ್ಮ ಪಕ್ಕದ ಕ್ವಾರ್ಟರ್ಸಿನಲ್ಲಿ ಚಂದಮ್ಮ ಇದ್ದಳು. ಹಳಿ ಬದಲಿಸುವ ಪಾಯಿಂಟ್ಸ್‌ಮನ್ ಶರಣಪ್ಪನ ಹೆಂಡತಿ. ನನಗಿಂತ ಐದಾರು ವರ್ಷ ದೊಡ್ಡವಳು, ತವರು ಚಿತ್ತಾಪುರ, ಏಳನೆಯ ಇಯತ್ತೆ ಪಾಸಾಗಿದ್ದಳು. ಮಧ್ಯಾಹ್ನ ನಾವಿಬ್ಬರೂ ಅವಳ ಪಡಸಾಲೆಯಲ್ಲಿ ಕೌದಿ ಹೊಲಿಯುತ್ತಿದ್ದೆವು. ನನ್ನ ಹೊಲಿಗೆ ಹಾವು ಹರಿದಂತೆ ಇರುತ್ತಿತ್ತು. ಅವಳು ಬಯ್ಯದೆ, ನಾನು ಎದ್ದು ಹೋದ ಮೇಲೆ ಬಿಚ್ಚಿ ತಾನೇ ಹೊಲಿದು, ಮರುದಿನ "ನಿನ್ನ ಕೈ ಸುಧಾರಸಲಿಕತ್ತದ ನೋಡು" ಎನ್ನುತ್ತಿದ್ದಳು. ನಾನು ನಂಬುತ್ತಿದ್ದೆ.

ಒಂದು ದಿನ ಗಾಡಿಯಲ್ಲಿ ತುಂಬು ಬಸುರಿಯೊಬ್ಬಳಿಗೆ ನೋವು ಶುರುವಾಗಿ ನಮ್ಮ ಸ್ಟೇಷನ್ನಿನಲ್ಲೇ ಇಳಿಸಿದರು. ಊರಿನ ಸೂಲಗಿತ್ತಿ ಬರುವುದಕ್ಕೆ ಹೊತ್ತಿತ್ತು. ಚಂದಮ್ಮ ಸೆರಗು ಬಿಗಿದು ಮುಂದೆ ಬಂದಳು. ಡ್ರೈವರ್ ಎಂಜಿನ್ನಿನಿಂದ ಬಕೆಟ್ಟಿಗೆ ಸುಡುನೀರು ಬಿಟ್ಟುಕೊಟ್ಟ. ಹೆಂಗಸರೆಲ್ಲ ಸೀರೆ ಹಿಡಿದು ಸುತ್ತ ನಿಂತರು. ಮಗು ಅತ್ತಾಗ ಗಾಡಿಯ ಗಾರ್ಡು ಸೀಟಿ ಊದಿಬಿಟ್ಟ, ಎಂಜಿನ್ನೂ ಕೂಗಿತು. ಮರುದಿನ ಸೇಡಂನಿಂದ ಬಂದ ಡಾಕ್ಟರಮ್ಮ ತಾಯಿ ಮಗುವನ್ನು ನೋಡಿ "ಯಾರು ಮಾಡಿಸಿದ್ದು?" ಎಂದು ಕೇಳಿದರು. ಚಂದಮ್ಮನನ್ನು ಮುಂದೆ ನಿಲ್ಲಿಸಿದೆವು. ಅವರು ಅವಳ ಕೈ ಹಿಡಿದು ನೋಡಿ, ಗುಲ್ಬರ್ಗಾದಲ್ಲಿ ದಾಯಿ ಟ್ರೇನಿಂಗ್ ಇದೆ, ಏಳನೆಯದು ಪಾಸಾದರೆ ಸಾಕು, ಹೋಗಮ್ಮ ಎಂದರು. ಅವಳ ಮುಖ ಆವತ್ತು ಹೇಗಾಗಿತ್ತೆಂಬುದು ನನಗಿನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಅತ್ತೆ ನೀಲಮ್ಮ ಮಾತ್ರ ಅಲ್ಲಿಯೇ ಕಡ್ಡಿ ಮುರಿದಂತೆ ಹೇಳಿದರು: "ಮಂದಿ ಬಾಣಂತನ ಮಾಡಲಿಕ್ಕ ನಮ್ಮ ಮನಿ ಸೊಸಿನ ಬೇಕೇನ್ರಿ?" ಶರಣಪ್ಪ ತಾಯಿಯ ಮಾತಿಗೆ ಎದುರಾಡುವವನಲ್ಲ. ಆ ಮಾತು ಅಲ್ಲಿಗೆ ಮುಗಿಯಿತು ಎಂದು ನಾವೆಲ್ಲ ತಿಳಿದೆವು.

ಎರಡು ಮೂರು ತಿಂಗಳ ನಂತರ ಕೌದಿ ಹೊಲಿಯುತ್ತ ಚಂದಮ್ಮ ಕೇಳಿದಳು: "ಗಿರಿಜಾ, ವಾಡ್ಯಾಗ ಗುಲ್ಬರ್ಗಾದ ಗಾಡಿ ಎಷ್ಟಕ್ಕ ಬರ್ತದ?"

"ಹನ್ನೊಂದಕ್ಕ ಅಕ್ಕಾ. ಮುಂಜಾನಿ ನಮ್ಮ ಗಾಡಿಗಿ ಹೋದ್ರ ಆರಾಮ ಸಿಗ್ತದ."

ಯಾಕೆ ಎಂದು ನಾನು ಕೇಳಲಿಲ್ಲ. ಕೇಳುವುದು ನನ್ನ ಸಂಸ್ಕಾರದಲ್ಲೇ ಇರಲಿಲ್ಲ ನೋಡಿ. ಅವಳು ದಾರ ಹಲ್ಲಿನಿಂದ ಕಡಿದು ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿದಳು. ನಾನು ಸೂಜಿಗೆ ದಾರ ಪೋಣಿಸುವುದರಲ್ಲಿ ಮುಳುಗಿದ್ದೆ.

ಆಮೇಲೆ ಒಂದು ವಾರಕ್ಕೋ ಏನೋ, ಬೆಳಗಿನ ಗಾಡಿಗೆ ಚಂದಮ್ಮ ಕಿಟಕಿಗೆ ಬಂದಳು. ಹೊಸ ಇಳಕಲ್ ಸೀರೆ, ಕೈಯಲ್ಲಿ ಗಂಟು, ಗಂಟಿನಲ್ಲಿ ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ. ಪಕ್ಕದಲ್ಲಿ ಕಳಿಸಲು ಬಂದ ನೀಲಮ್ಮ. ಇದಕ್ಕಿಂತ ಸ್ಪಷ್ಟವಾದ ಗಂಟು ಬೇಕೇ? ಸೊಸೆ ತವರಿಗೆ ಹೊರಟಿದ್ದಾಳೆ. ನಾನು ಚಿತ್ತಾಪುರದ ಟಿಕೀಟು ತೆಗೆದು ಖಟ್ ಎಂದು ಒತ್ತಿ ಮುಂದಿಟ್ಟೆ.

ಅವಳು ಅದನ್ನು ತಿರುವಿ ನೋಡಿದಳು. "ತಂಗೀ, ಇನ್ನೊಮ್ಮಿ ನೋಡು" ಎಂದಳು.

"ನೋಡೀನಕ್ಕಾ. ಬರೋಬರಿ ಅದ."

"ಜರಾ ನೋಡಬಾರದಾ?"

ನಾನು ನಕ್ಕೆ. "ನೀ ಯಾವ ಊರಿಗಿ ಹೋಗ್ತಿ ನನಗ ಗೊತ್ತಿಲ್ಲೇನಕ್ಕಾ?"

ನೀಲಮ್ಮನೂ ನಕ್ಕರು. "ತವರಂದ್ರ ಹೆಣಮಕ್ಕಳಿಗಿ ತಲೀನೇ ನಿಲ್ಲಾಂಗಿಲ್ಲ. ನಡೀ ನಡೀ, ಸಿಗ್ನಲ್ ಬಿದ್ದದ" ಎಂದು ಸೊಸೆಯ ರಟ್ಟೆ ಹಿಡಿದರು. ಚಂದಮ್ಮ ಕಿಟಕಿಯ ಕಟ್ಟೆಯ ಮೇಲಿಟ್ಟ ಕೈಯನ್ನು ತಕ್ಷಣ ತೆಗೆಯಲಿಲ್ಲ. ಹಿಂದೆ ಸಾಲಿನಲ್ಲಿ ಜನ ಇದ್ದರು. ನಾನು ಅವಳ ಭುಜದ ಮೇಲಿಂದ ಮುಂದಿನವನ ಚೀಲ ನೋಡತೊಡಗಿದ್ದೆ. ಗಾಡಿ ಬಂತು, ಅವಳು ಹತ್ತಿದಳು, ಗಾಡಿ ಹೋಯಿತು.

ಹತ್ತು ಗಂಟೆಯ ಸುಮಾರಿಗೆ ಫೋನಿನ ಗಂಟೆ ಹೊಡೆಯಿತು. ನಾನು ಅಪ್ಪನ ಆಫೀಸಿನಲ್ಲಿ ಉಳಿದ ಟಿಕೀಟುಗಳನ್ನು ಕಪಾಟಿನ ಗೂಡಿಗೆ ಸೇರಿಸುತ್ತಿದ್ದೆ. ಫೋನು ವಾಡಿಯಿಂದ. ಅಪ್ಪನಿಗೆ ಅತ್ತಲಿಂದ ಕೇಳಿದ್ದನ್ನೆಲ್ಲ ಗಟ್ಟಿಯಾಗಿ ಮರಳಿ ಹೇಳುವ ಅಭ್ಯಾಸ, ಹಾಗಾಗಿ ನನಗೂ ಎಲ್ಲ ಕೇಳಿಸಿತು. "ಹಾಂ, ಹೆಣಮಗಳಾ?... ಚಂದಮ್ಮಾ?... ಹೌದ್ರಿ, ನಮ್ಮ ಟೇಷನ್ನಿನಾಕಿನೇ... ಚಿತ್ತಾಪುರದ ಟಿಕೀಟು, ವಾಡಿ ತನಕ ಬಂದಾಳ... ದಂಡ ಕಟ್ಟಲಿಕ್ಕ ಇಲ್ಲಂತಾಳಾ?... ಗುಲ್ಬರ್ಗಾಕ್ಕ, ಇಂಟರ್ವ್ಯೂಕ್ಕ?... ಎರಡರೊಳಗ ಹಾಜರಿರಬೇಕಂತಾಳ..."

ಅತ್ತಲಿನವರು ಒಳ್ಳೆಯವರೇ. ಅವರು ಕೇಳಿದ್ದು ಇಷ್ಟೇ: ಟಿಕೀಟು ಕೊಡುವಾಗ ನಿಮ್ಮ ಕಡೆಯಿಂದ ತಪ್ಪಾಗಿದೆಯೇ? ತಪ್ಪಾಗಿದ್ದರೆ ಹಾಗೆಂದು ಹೇಳಿಬಿಡಿ, ಈ ಹೆಣ್ಣುಮಗಳನ್ನು ಹನ್ನೊಂದರ ಗಾಡಿಗೆ ಹತ್ತಿಸಿ ಕಳಿಸುತ್ತೇವೆ.

ಅಪ್ಪ ಫೋನಿಗೆ ಕೈ ಅಡ್ಡ ಹಿಡಿದು ನನ್ನತ್ತ ತಿರುಗಿದರು. "ಗಿರಿಜಾ, ಚಂದಮ್ಮ ಯಾವ ಊರು ಕೇಳಿದ್ಲು?"

ನನಗೆ ಆ ಕ್ಷಣ ಎಲ್ಲವೂ ಒಟ್ಟಿಗೇ ತಿಳಿಯಿತು. ಡಾಕ್ಟರಮ್ಮ, ಹನ್ನೊಂದರ ಗಾಡಿ, ಅತ್ತೆಗೆ ತವರೆಂದು ಹೇಳಿ ಹೊರಟದ್ದು, ಅತ್ತೆಯ ಎದುರಿಗೆ ಬಾಯಿ ಬಿಡಲಾಗದೆ ಇನ್ನೊಮ್ಮೆ ನೋಡು ಎಂದು ಅಂಗಲಾಚಿದ್ದು. ಇದೂ ತಿಳಿಯಿತು: ನಿಜ ಹೇಳಿದರೆ ಕಿಟಕಿಯಲ್ಲಿ ಕುಳಿತಿದ್ದವರು ಯಾರು ಎಂಬ ಪ್ರಶ್ನೆ ಬರುತ್ತದೆ.

"ಚಿತ್ತಾಪುರ ಅಂದ್ಲಪ್ಪಾ" ಎಂದೆ.

ಅಪ್ಪ ನನ್ನನ್ನು ನೋಡಿದರು. ನಮ್ಮ ಕಿಟಕಿಯಲ್ಲಿ ಯಾರೂ ಊರಿನ ಹೆಸರು ಹೇಳಿ ಟಿಕೀಟು ಕೇಳುವುದಿಲ್ಲ. ಅದು ಅವರಿಗಿಂತ ಚೆನ್ನಾಗಿ ಗೊತ್ತಿದ್ದವರು ಈ ಲೋಕದಲ್ಲಿ ಇರಲಿಲ್ಲ. ಫೋನಿನ ಮೇಲಿನ ಕೈ ತೆಗೆದು, "ಇಲ್ರಿ, ನಮ್ಮ ಕಡಿಂದ ಏನೂ ತಪ್ಪಾಗಿಲ್ಲ" ಎಂದರು. ಆಮೇಲೆ ಶರಣಪ್ಪನನ್ನು ಕರೆದು ವಿಷಯ ಹೇಳಿದರು. ಅವನು ಆಗಷ್ಟೇ ಬಂದ ಗೂಡ್ಸ್ ಗಾಡಿಯ ಗಾರ್ಡಿನ ಡಬ್ಬಿ ಹತ್ತಿ ಹೆಂಡತಿಯನ್ನು ಕರೆತರಲು ಹೋದ.

ಮಧ್ಯಾಹ್ನದ ಗಾಡಿಗೆ ಗಂಡ ಹೆಂಡತಿ ಇಳಿದರು. ಅವನು ಮುಂದೆ, ಅವಳು ಹಿಂದೆ, ಗಂಟು ಹಾಗೆಯೇ ಇತ್ತು. ನೀಲಮ್ಮ ಬಾಗಿಲಲ್ಲೇ ಶುರುಮಾಡಿದ್ದು ಮೂರು ದಿನ ನಿಲ್ಲಲಿಲ್ಲ. ಸುಳ್ಳು ಹೇಳಿ ಹೋದವಳು, ಟಿಕೀಟಿಲ್ಲದೆ ಹೋಗಿ ಸಿಕ್ಕಿಬಿದ್ದವಳು, ಮನೆತನದ ಮಾನ ವಾಡಿಯ ಪ್ಲಾಟ್‌ಫಾರ್ಮಿನಲ್ಲಿ ಕಳೆದವಳು. ಗೋಡೆಯ ಈಚೆ ನಾನು ಎಲ್ಲವನ್ನೂ ಕೇಳಿದೆ. ಶರಣಪ್ಪ ಒಮ್ಮೆ ಜೋರಾಗಿ ಕೇಳಿದ: "ಖರೇ ಹೇಳು, ಟಿಕೀಟು ಯಾವ ಊರಿಂದು ಕೇಳಿದ್ದಿ?" ನಾನು ಗೋಡೆಗೆ ಕಿವಿ ಹಚ್ಚಿದೆ. ಚಂದಮ್ಮ ನಿಧಾನವಾಗಿ ಹೇಳಿದಳು: "ಚಿತ್ತಾಪುರನೇ ಕೇಳಿದ್ದೆ. ಆ ಹುಡುಗಿದೇನೂ ತಪ್ಪಿಲ್ಲ."

ಅವರು ತಿರುಗಿ ಬಂದ ದಿನ ಸಂಜೆ ಅಪ್ಪ ಊಟಕ್ಕೆ ಕುಳಿತಾಗ, ತಟ್ಟೆಯಿಂದ ತಲೆ ಎತ್ತದೆ, "ನಾಳಿಂದ ನೀ ಕಿಟಕಿಗಿ ಬರಬ್ಯಾಡ" ಎಂದರು. ಅವ್ವ ಯಾಕೆ ಎಂದು ಕೇಳಿದರೆ ಮಜ್ಜಿಗೆ ಬಡಿಸು ಎಂದರು. ಅಪ್ಪ ತೀರಿಕೊಳ್ಳುವ ತನಕ ನಾವಿಬ್ಬರೂ ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ. ಕೋಟಿನ ಮುದುಕನ ಕಥೆಯನ್ನೂ ಅಪ್ಪ ಮತ್ತೆ ಹೇಳಿದ್ದು ನನಗೆ ನೆನಪಿಲ್ಲ.

ಚಂದಮ್ಮ ನನ್ನೊಡನೆ ಮಾತು ಬಿಡಲಿಲ್ಲ. ಎದುರು ಸಿಕ್ಕರೆ ನಗುತ್ತಿದ್ದಳು. ಆದರೆ ಕೌದಿಗೆ ಕರೆಯಲಿಲ್ಲ, ನಾನೂ ಹೋಗಲಿಲ್ಲ. ಹೋದರೆ ಹೇಳಬೇಕಾಗುತ್ತದೆ ಎಂಬ ಹೆದರಿಕೆ. ಆರು ತಿಂಗಳಲ್ಲಿ ಶರಣಪ್ಪನಿಗೆ ಶಹಾಬಾದಿಗೆ ವರ್ಗವಾಯಿತು. ಸಾಮಾನು ಹೇರುವಾಗ ನಾನು ಹಿತ್ತಲಲ್ಲಿ ಬಟ್ಟೆ ಒಗೆಯುತ್ತ ಕುಳಿತೆ, ಒಗೆದ ಬಟ್ಟೆಯನ್ನೇ ಮತ್ತೆ ಒಗೆದೆ.

ನನಗೆ ಮದುವೆಯಾಯಿತು, ಮಕ್ಕಳಾದವು. ಹೊರಟವರನ್ನು ಕೇಳಬಾರದು ಎಂಬ ನಮ್ಮ ರೂಢಿಯ ಮೇಲೆ ತಪ್ಪು ಹೊರಿಸಿ ಹಲವು ವರ್ಷ ಹಾಯಾಗಿ ಇದ್ದೆ. ರೂಢಿ ಹಾಗಿತ್ತು, ನಾನೇನು ಮಾಡಲಿ? ಈ ಸಮಾಧಾನ ಹಗಲಿಗೆ ಸಾಕಾಗುತ್ತಿತ್ತು. ಎರಡೂ ಹೆರಿಗೆಯಲ್ಲಿ ದಾಯಿ ಒಳಗೆ ಬಂದು ನನ್ನ ಕೈ ಹಿಡಿದಾಗ ಮಾತ್ರ ಸಾಕಾಗಲಿಲ್ಲ, ಅತ್ತುಬಿಟ್ಟೆ. ನೋವಿಗೆ ಅಳುತ್ತಿದ್ದಾಳೆ ಎಂದು ಅವರು ತಿಳಿದರು.

ಅದಾಗಿ ಹತ್ತು ಹನ್ನೆರಡು ವರ್ಷಕ್ಕೆ ಒಂದು ಮದುವೆಗೆಂದು ಶಹಾಬಾದಿಗೆ ಹೋದವಳು ಧೈರ್ಯ ಮಾಡಿ ರೈಲ್ವೆ ಕ್ವಾರ್ಟರ್ಸು ಹುಡುಕಿಕೊಂಡು ಹೋದೆ. ಚಂದಮ್ಮ ಅಂಗಳದಲ್ಲಿ ತೊಗರಿ ಹಸನು ಮಾಡುತ್ತಿದ್ದಳು. ಕೂದಲು ಅಲ್ಲಲ್ಲಿ ಬೆಳ್ಳಗಾಗಿತ್ತು. ನನ್ನನ್ನು ನೋಡಿ ಎದ್ದು ಬಂದು ಎರಡೂ ಕೈ ಹಿಡಿದುಕೊಂಡಳು. "ಬಾರವಾ, ಕುಂದ್ರು. ಎಷ್ಟು ತೆಳ್ಳಗಾಗಿದಿ!" ಎಂದಳು. ಚಹಾ ಕೊಟ್ಟಳು, ಅತ್ತೆ ತೀರಿಕೊಂಡದ್ದನ್ನು ಹೇಳಿದಳು, ಮಗ ಐದನೆಯದರಲ್ಲಿದ್ದಾನೆ ಎಂದಳು. ನಾನು ಚಹಾ ಅರ್ಧ ಕುಡಿದು ಕೆಳಗಿಟ್ಟೆ.

"ಅಕ್ಕಾ, ಅವತ್ತು ಟಿಕೀಟು ನಾನೇ ತಪ್ಪು ಕೊಟ್ಟೆ. ಅಪ್ಪ ಕೇಳಿದ್ರ ನೀನೇ ಚಿತ್ತಾಪುರ ಅಂದಿ ಅಂತ ಸುಳ್ಳು ಹೇಳಿದೆ" ಎಂದೆ. ಹೇಳುತ್ತಲೇ ಕಣ್ಣಲ್ಲಿ ನೀರು ಬಂತು.

ಅವಳು ಮೊರದಿಂದ ಕಲ್ಲು ಹೆಕ್ಕುವುದನ್ನು ನಿಲ್ಲಿಸಲಿಲ್ಲ. "ಗೊತ್ತದ ಬಿಡವಾ. ಹೆದರಿ ಹಂಗ ಅಂದಿರ್ತಿ ಅಂತ ಆವಾಗೇ ತಿಳೀತು. ಸಣ್ಣಾಕಿ ಇದ್ದಿ" ಎಂದಳು. ಮೊರವನ್ನು ಒಮ್ಮೆ ಕೊಡವಿದಳು. "ಆದ್ರ ಆಮ್ಯಾಲ ಒಂದು ತಾಸು ಇತ್ತಲ್ಲ? ಗಿರಿಜಾ ಅಪ್ಪನ ಮುಂದ ಹೇಳ್ತಾಳ, ಮತ್ತ ಫೋನ್ ಬರ್ತದ ಅಂತ, ಹನ್ನೊಂದರ ಗಾಡಿ ಹೋಗೂ ತನಕ ನಾ ಆ ಫೋನೇ ನೋಡ್ಕೋತ ಕುಂತಿದ್ದೆ."

ಆ ಒಂದು ತಾಸು ನಾನು ಈಚೆಯ ಫೋನಿನ ಪಕ್ಕದಲ್ಲೇ ನಿಂತಿದ್ದೆ.